ಎಮರ್ಜೆನ್ಸಿ ಹೊಟ್ಟೆ ಆಪರೇಷನ್‌ನಲ್ಲಿ ಕರಗದ ದಾರ ಹಾಕಿದರೆ ತೊಂದರೆಯಾ?

ತೀರ್ಥಹಳ್ಳಿ ಕಡೆಯ ನಿಮ್ಮ ಅಣ್ಣನಿಗೆ ಕರುಳು ತೂತಾಗಿ ರಾತ್ರೋರಾತ್ರಿ ಆಪರೇಷನ್ ಆಗಿದೆ. ಒಳಗೆ ಕರಗದ ದಾರ ಹಾಕಿದ್ದಾರಂತೆ. ದುಡ್ಡು ಉಳಿಸೋಕೆ ಹೀಗೆ ಮಾಡಿದ್ರಾ, ಕರಗುವ ದಾರವೇ ಒಳ್ಳೇದಲ್ವಾ ಅಂತ ಕೇಳಿದ್ದೀರಿ. ನಾನು ಶಿವಮೊಗ್ಗದಲ್ಲಿ ಸರ್ಜನ್. ಇಂಥ ಹೊಟ್ಟೆಗಳನ್ನು ಹೊಲಿಯುವುದು ನನ್ನ ದಿನದ ಕೆಲಸ. ಕರಗದ ದಾರ ಹಾಕಿದ್ದು ತಪ್ಪಲ್ಲ. ಆ ಚಿಂತೆ ಬಿಡಿ.

ಮೇಲೆ ಕಾಣುವ ಚರ್ಮದ ಹೊಲಿಗೆ ಹೊಟ್ಟೆಯನ್ನು ಹಿಡಿದಿಡುವುದಿಲ್ಲ. ಹಿಡಿದಿಡುವುದು ಅದರ ಕೆಳಗಿನ ಬಿಳಿ ಗಟ್ಟಿ ಪದರ. ನಾವು ಅದನ್ನು ಶೀತ್ ಅಂತೀವಿ. ಅದು ಕೂಡಿಕೊಳ್ಳುವುದು ಬಹಳ ನಿಧಾನ. ಅರ್ಧ ಬಲ ಬರಲಿಕ್ಕೇ ಒಂದೂವರೆ ಎರಡು ತಿಂಗಳು ಬೇಕು. ವಿಕ್ರಿಲ್ ಅನ್ನುವ ಕರಗುವ ದಾರ ಮೂರು ವಾರಕ್ಕೆಲ್ಲ ಅರ್ಧ ಬಲ ಕಳೆದುಕೊಳ್ಳುತ್ತದೆ. ಅದು ಹೆಣೆದ ದಾರ ಬೇರೆ, ಕೀವಿದ್ದ ಹೊಟ್ಟೆಯಲ್ಲಿ ಎಳೆಗಳ ಸಂದಿಯಲ್ಲಿ ಸೋಂಕು ಕೂತುಬಿಡುತ್ತದೆ. ಹಾಗಾಗಿ ಶೀತ್‌ಗೆ ನಾನು ವಿಕ್ರಿಲ್ ಹಾಕುವುದಿಲ್ಲ.

ಉಳಿಯುವುದು ಎರಡು. ಪಿಡಿಎಸ್ ಒಂದೇ ಎಳೆಯ ದಾರ. ನಾಲ್ಕರಿಂದ ಆರು ವಾರ ಚೆನ್ನಾಗಿ ಹಿಡಿಯುತ್ತದೆ, ಆರೇಳು ತಿಂಗಳಲ್ಲಿ ಪೂರ್ತಿ ಕರಗುತ್ತದೆ. ಪ್ರೋಲಿನ್ ಕರಗುವುದೇ ಇಲ್ಲ, ಬೆಲೆಯೂ ಕಡಿಮೆ. ಅದರ ತೊಂದರೆ ಅಂದರೆ ಗಂಟು. ತೆಳ್ಳಗಿನವರಿಗೆ ಚರ್ಮದಡಿ ಕೈಗೆ ಸಿಗುತ್ತದೆ, ಒಮ್ಮೊಮ್ಮೆ ಅಲ್ಲೇ ಕೀವು ಸೋರಿ ಗಂಟು ತೆಗೆಯಬೇಕಾಗುತ್ತದೆ. ಕೈಯಲ್ಲಿ ಎರಡೂ ಇದ್ದರೆ ನಾನು ಪಿಡಿಎಸ್ ತೆಗೆದುಕೊಳ್ಳುತ್ತೇನೆ. ಪ್ರೋಲಿನ್ ಇದ್ದರೂ ಹೆದರುವುದಿಲ್ಲ.

ಯಾಕಂದರೆ ದಾರಕ್ಕಿಂತ ಹೊಲಿದ ಕೈ ಮುಖ್ಯ. ಕಾಳುಮೆಣಸಿನ ಬಳ್ಳಿಯನ್ನು ಮರಕ್ಕೆ ಬಿಗಿದು ಕಟ್ಟಿದರೆ ಕಟ್ಟೇ ಬಳ್ಳಿಯನ್ನು ಕೊಯ್ಯುತ್ತದೆ. ಶೀತ್ ಕೂಡ ಹಾಗೆಯೇ. ಹೊಲಿಗೆ ಬಿಚ್ಚಿಕೊಂಡಾಗ ದಾರ ತುಂಡಾಗಿರುವುದು ಅಪರೂಪ. ಹೆಚ್ಚಿನ ಸಲ ಅದು ಪದರವನ್ನೇ ಸೀಳಿಕೊಂಡು ಬಂದಿರುತ್ತದೆ. ಹತ್ತು ಸೆಂಟಿಮೀಟರ್ ಗಾಯಕ್ಕೆ ಕನಿಷ್ಠ ನಲವತ್ತು ಸೆಂಟಿಮೀಟರ್ ದಾರ ಒಳಗೆ ಹೋಗಬೇಕು. ಹೊಲಿದು ಮುಗಿದ ಮೇಲೆ ಉಳಿದ ತುಂಡನ್ನು ಅಳೆದರೆ ಎಷ್ಟು ಹೋಗಿದೆ ಅಂತ ಗೊತ್ತಾಗುತ್ತದೆ. ಕಮ್ಮಿ ಹೋಗಿದೆ ಅಂದರೆ ಹೊಲಿಗೆ ದೂರದೂರ ಬಿದ್ದಿದೆ, ಇಲ್ಲವೇ ಜಾಸ್ತಿ ಬಿಗಿದಿದೆ.

2015ರಲ್ಲಿ ನೆದರ್ಲೆಂಡ್ಸ್‌ನ ಸರ್ಜನ್‌ಗಳು ಅಂಚಿನಿಂದ 5 ಮಿಲಿಮೀಟರ್, ಹೊಲಿಗೆಗಳ ನಡುವೆ 5 ಮಿಲಿಮೀಟರ್ ಇಟ್ಟು ಹೊಲಿದ ಫಲಿತಾಂಶ ಪ್ರಕಟಿಸಿದರು. ದೊಡ್ಡ ಹೊಲಿಗೆ ಹಾಕಿದವರಲ್ಲಿ ಒಂದು ವರ್ಷಕ್ಕೆ 21% ಜನರಿಗೆ ಹರ್ನಿಯಾ (ಹೊಲಿದ ಜಾಗ ಸಡಿಲವಾಗಿ ಹೊಟ್ಟೆ ಉಬ್ಬಿ ಬರುವುದು) ಬಂದಿತ್ತು, ಸಣ್ಣ ಹೊಲಿಗೆಯವರಲ್ಲಿ 13%. ಆದರೆ ಅವೆಲ್ಲ ಮೊದಲೇ ದಿನ ಗೊತ್ತುಮಾಡಿದ ಆಪರೇಷನ್‌ಗಳು. ನಿಮ್ಮ ಅಣ್ಣನಂಥವರ ಹೊಟ್ಟೆ ತೆರೆದಾಗ ಕೀವು ತುಂಬಿರುತ್ತದೆ, ಕರುಳು ಊದಿರುತ್ತದೆ, ಅಂಚು ಮೆತ್ತಗಾಗಿರುತ್ತದೆ. ಅಂಥಲ್ಲಿ ನಮ್ಮ ದೇಶದ ಅನೇಕ ಸರ್ಜನ್‌ಗಳು ಒಂದೊಂದಾಗಿ ಬಿಡಿ ಗಂಟು ಹಾಕುತ್ತಾರೆ. ಒಂದು ಸೀಳಿದರೂ ಉಳಿದವು ಹಿಡಿಯಲಿ ಅಂತ. ಉದ್ದಕ್ಕೆ ಒಂದೇ ದಾರದಲ್ಲಿ ಹೊಲಿದರೆ ಎಳೆತ ಸಮನಾಗಿ ಹಂಚಿಹೋಗುತ್ತದೆ, ಬೇಗವೂ ಮುಗಿಯುತ್ತದೆ. ನಾನು ಸಾಮಾನ್ಯವಾಗಿ ಉದ್ದಕ್ಕೆ ಹೊಲಿಯುತ್ತೇನೆ. ಅಂಚು ತೀರಾ ಕೆಟ್ಟಿದ್ದರೆ ಮಾತ್ರ ಬಿಡಿ ಗಂಟು.

ಮಳೆಗಾಲದಲ್ಲಿ ಹೊಟ್ಟೆನೋವಿಗೆ ಕಷಾಯ ಕುಡಿದು ಎರಡು ದಿನ ಕಾದು, ಆಮೇಲೆ ಬರುವವರೇ ನಮ್ಮಲ್ಲಿ ಜಾಸ್ತಿ. ಆ ತಡ ಗಾಯಕ್ಕೆ ಮಾಡುವ ಕೇಡನ್ನು ಯಾವ ದಾರವೂ ಸರಿಮಾಡಲಾರದು. ರಕ್ತ ಕಮ್ಮಿ ಇರುವುದು, ಶುಗರ್, ಬೀಡಿ ಕೆಮ್ಮು ಕೂಡ ಅಷ್ಟೇ ಕೆಡುಕು.

ಅಣ್ಣ ಬೀಡಿ ಮುಟ್ಟದಿರಲಿ. ಕೆಮ್ಮು ಬಂದಾಗ ಹೊಟ್ಟೆಗೆ ದಿಂಬು ಒತ್ತಿ ಹಿಡಿಯಲಿ. ಮೊಟ್ಟೆ, ಬೇಳೆ ಚೆನ್ನಾಗಿ ಕೊಡಿ. ಕೊನೆ ಕೊಯ್ಯೋಕೆ ಮರ ಹತ್ತುವುದು, ಅಡಿಕೆ ಮೂಟೆ ಎತ್ತುವುದು ಸರ್ಜನ್ ನೋಡಿ ಹೂಂ ಅನ್ನುವವರೆಗೆ ಬೇಡ.

ಮೊದಲ ಎರಡು ವಾರ ಡ್ರೆಸ್ಸಿಂಗ್ ಮೇಲೆ ಕಣ್ಣಿಡಿ. ಇದ್ದಕ್ಕಿದ್ದಂತೆ ತೆಳು ಗುಲಾಬಿ ನೀರು ಸೋರಿ ಬಟ್ಟೆ ಒದ್ದೆಯಾದರೆ ಒಳಗಿನ ಹೊಲಿಗೆ ಬಿಡುತ್ತಿದೆ ಅಂತಲೇ ತಿಳಿಯಿರಿ. ನೋವಿಲ್ಲ ಅಂತ ಬೆಳಗಿನವರೆಗೆ ಕಾಯಬೇಡಿ. ಕರುಳು ಹೊರಗೆ ಕಂಡರೆ ಒಳಗೆ ತಳ್ಳಬೇಡಿ, ಶುದ್ಧ ಒದ್ದೆ ಬಟ್ಟೆ ಮುಚ್ಚಿ. ತಿನ್ನಲು ಕುಡಿಯಲು ಏನೂ ಕೊಡದೆ, ಮಲಗಿಸಿಕೊಂಡೇ ಆಪರೇಷನ್ ಆದ ಆಸ್ಪತ್ರೆಗೆ ಕರೆತನ್ನಿ. ಅದು ದೂರವಾದರೆ ಹತ್ತಿರದ ಯಾವ ಸರ್ಜನ್ ಆದರೂ ಸರಿ.