ಬಿ.ಎಸ್ಸಿ. ಅಂಕ ಅಡ್ಡ ಬರುವುದಿಲ್ಲ

ಬಿ.ಎಸ್ಸಿ. ಮೊದಲ ವರ್ಷ ಎರಡು ವಿಷಯದಲ್ಲಿ ಅನುತ್ತೀರ್ಣನಾದೆ, ಮೈಸೂರು ಮೆಡಿಕಲ್ ಕಾಲೇಜಿನ ಆಸೆ ಬಿಡಬೇಕೇ ಎಂದು ಕೇಳಿದ್ದೀರಿ. ದಯವಿಟ್ಟು ಬಿಡಬೇಡಿ. ಎಂಬಿಬಿಎಸ್ ಸೀಟು ಸಿಗುವುದು ನೀಟ್ ಎಂಬ ಪ್ರವೇಶ ಪರೀಕ್ಷೆಯ ರ‍್ಯಾಂಕಿನ ಮೇಲೆ. ಪದವಿಯ ಅಂಕಗಳು ಅಲ್ಲಿ ಲೆಕ್ಕಕ್ಕಿಲ್ಲ. ದ್ವಿತೀಯ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಸೇರಿ ಶೇ 50 ಇರಬೇಕು, ಪರಿಶಿಷ್ಟರಿಗೂ ಹಿಂದುಳಿದ ವರ್ಗದವರಿಗೂ ಶೇ 40. ಗರಿಷ್ಠ ವಯೋಮಿತಿ ಇಲ್ಲ. ನೀಟ್‌ನ 720ರಲ್ಲಿ 360 ಅಂಕ ಜೀವಶಾಸ್ತ್ರದ್ದೇ! ಎನ್‌ಸಿಇಆರ್‌ಟಿ ಪುಸ್ತಕವನ್ನು ಚಿತ್ರಗಳ ಕೆಳಗಿನ ಸಾಲನ್ನೂ ಬಿಡದೆ ಓದಿ. ತಪ್ಪು ಉತ್ತರಕ್ಕೆ ಒಂದು ಅಂಕ ಕಡಿತ, ಕಣ್ಣು ಮುಚ್ಚಿ ಗುರುತು ಹಾಕಬೇಡಿ. ಆಯ್ಕೆಪಟ್ಟಿಯಲ್ಲಿ ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ (ಮಿಮ್ಸ್) ಕೂಡ ಇರಲಿ, ಅದೂ ಸರ್ಕಾರಿ ಕಾಲೇಜೇ. ಪಿಯುಸಿಯ ಮೂಲ ಅಂಕಪಟ್ಟಿ ಈಗಿನ ಕಾಲೇಜಿನ ಕಚೇರಿಯಲ್ಲಿದ್ದರೆ ಸೀಟು ಹಂಚಿಕೆಯ ಕೌನ್ಸೆಲಿಂಗ್‌ಗೆ ಮುಂಚೆಯೇ ಕೇಳಿ ಪಡೆಯಿರಿ. ಕರ್ನಾಟಕದಲ್ಲಿ ಏಳು ವರ್ಷ ಓದಿದ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಸಹಿಯನ್ನೂ ಈಗಲೇ ಮಾಡಿಸಿಟ್ಟುಕೊಳ್ಳಿ.