ಮಾಡಿನ ನೀರು ಹಿಡಿಯುವವರು ಹುಬ್ಬೆ ಮಳೆಗೆ ಕಾಯಿರಿ

(ನೀರು-ನೆಲ: ಓದುಗರ ಪ್ರಶ್ನೆ, ತಜ್ಞರ ಉತ್ತರ)

ಪ್ರಶ್ನೆ: ನಮ್ಮದು ಗುಡ್ಡದ ಮೇಲಿನ ಏಳೆಂಟು ಮನೆಗಳ ಕೇರಿ, ಎಲ್ಲರೂ ತೋಟದ ಕೂಲಿಯವರು. ನಲ್ಲಿ ಇದೆ, ಮಾರ್ಚ್ ಕಳೆದರೆ ನೀರಿಲ್ಲ. ನನ್ನದು 20 ಅಡಿಗೆ 15 ಅಡಿ ಹಂಚಿನ ಮಾಡು. ಐದು ಜನಕ್ಕೆ ಕುಡಿಯುವ ನೀರಾದರೂ ಉಳಿಸಿಕೊಳ್ಳಲು ಎಷ್ಟು ದೊಡ್ಡ ಟ್ಯಾಂಕ್ ಬೇಕು?
– ಓದುಗರು, ಹೊಸನಗರ ತಾಲ್ಲೂಕು

ಉತ್ತರ: ಬೇಸಿಗೆಯಿಂದ ಲೆಕ್ಕ ಹಾಕಿ. ಕುಡಿಯಲು, ಅಡುಗೆಗೆ ತಲೆಗೆ 5 ಲೀಟರ್‌ನಂತೆ ದಿನಕ್ಕೆ 25. ನಲ್ಲಿ ಬೇಗ ನಿಂತರೂ ಸಾಲುವಂತೆ, ಫೆಬ್ರವರಿ ನಡುವಿನಿಂದ 110 ದಿನಕ್ಕೆ 2,750 ಲೀಟರ್. 3,000 ಲೀಟರ್ ಟ್ಯಾಂಕ್ ಸಾಕು, ಬಟ್ಟೆ ಒಗೆಯಲು ಅದಕ್ಕೆ ಕೈ ಹಾಕದಿದ್ದರೆ. ಬಣ್ಣ ಕಪ್ಪಿರಲಿ; ಬೆಳಕು ತೂರಿದರೆ ಒಳಗೆ ಪಾಚಿ ಕಟ್ಟುತ್ತದೆ.

ನಿಮ್ಮ ಮಾಡು 28 ಚದರ ಮೀಟರ್. ಐದರಲ್ಲೊಂದು ಪಾಲು ಪೋಲಾದರೂ ಒಂದು ಇಂಚು ಮಳೆಗೆ 560 ಲೀಟರ್ ಸಿಗುತ್ತದೆ, ಐದಾರು ಇಂಚಿಗೆ ಟ್ಯಾಂಕ್ ತುಂಬುತ್ತದೆ. ಹಾಗೆಂದು ಜೂನ್‌ನಲ್ಲೇ ತುಂಬಿ ಮುಚ್ಚಳ ಹಾಕಿಬಿಡುವುದು ಸರಿಯಲ್ಲ. ಮೊದಲ ಮಳೆಗೆ ಹಕ್ಕಿಯ ಹಿಕ್ಕೆ, ತರಗೆಲೆ, ಧೂಳು ಎಲ್ಲ ಬರುತ್ತದೆ. ತೋಟದ ಪಕ್ಕದ ಮನೆಯಾದರೆ ಅಡಿಕೆಯ ಕೊಳೆರೋಗಕ್ಕೆ ಹೊಡೆದ ಬೋರ್ಡೋ ದ್ರಾವಣದ ಮೈಲುತುತ್ತವೂ ಹಂಚಿನ ಮೇಲೆ ಕೂತಿರುತ್ತದೆ. ಔಷಧಿ ಹೊಡೆದ ಮೇಲೆ ಒಂದೆರಡು ಜೋರು ಮಳೆಯ ನೀರನ್ನು ಹೊರಗೇ ಬಿಡಿ. ಮಳೆಗಾಲವಿಡೀ ಟ್ಯಾಂಕಿನ ನೀರು ಬಳಸುತ್ತಿರಿ. ಮಘೆ ನಕ್ಷತ್ರದ ಮಳೆ ಮುಗಿಯುತ್ತಲೇ, ಅಂದರೆ ಆಗಸ್ಟ್ ಕೊನೆಗೆ, ಖಾಲಿ ಮಾಡಿ ಉಜ್ಜಿ ತೊಳೆದು ಸೆಪ್ಟೆಂಬರ್‌ನ ಹುಬ್ಬೆ, ಉತ್ತರೆ ಮಳೆಯಲ್ಲಿ ತುಂಬಿಸಿ. ಆಮೇಲಿನ ಹಸ್ತ, ಚಿತ್ತೆ ಮಳೆಯನ್ನು ನಂಬಿ ಕೂರಬೇಡಿ.

ಮಾಡಿನಂಚಿನ ನೀರು ಹಿಡಿಯುವ ದೋಣಿಗೆ ಅಡಿಕೆ ದಂಬೆ (ಸೀಳಿ ತಿರುಳು ತೆಗೆದ ಅಡಿಕೆ ಮರ) ಹಾಕಬಹುದು, ಆದರೆ ಬೇಗ ಕೊಳೆಯುತ್ತದೆ. 6 ಇಂಚಿನ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿದರೆ ಎರಡು ದೋಣಿ ಆಗುತ್ತವೆ. ಮೀಟರ್‌ಗೆ ಒಂದು ಸೆಂಟಿಮೀಟರ್ ಇಳಿಜಾರು ಕೊಡಿ; 20 ಅಡಿಗೆ ಸುಮಾರು 6 ಸೆಂಟಿಮೀಟರ್. ಎರಡೆರಡು ಅಡಿಗೊಂದು ಕ್ಲಾಂಪ್ ಇರಲಿ, ಇಲ್ಲದಿದ್ದರೆ ನೀರಿನ ಭಾರಕ್ಕೆ ನಡುವೆ ಜಗ್ಗುತ್ತದೆ. ಹಂಚಿನ ತುದಿ ದೋಣಿಯೊಳಗೆ ಎರಡು ಇಂಚು ಚಾಚಿರಬೇಕು. ಕಡಿಮೆಯಾದರೆ ಸಣ್ಣ ಮಳೆಯ ನೀರು ಗೋಡೆಗೆ ಇಳಿಯುತ್ತದೆ, ಹೆಚ್ಚಾದರೆ ದೊಡ್ಡ ಮಳೆಯದು ದೋಣಿ ದಾಟಿ ಹಾರುತ್ತದೆ. ದುಡ್ಡು ಸಾಲದಿದ್ದರೆ ಒಂದೇ ಪಕ್ಕಕ್ಕೆ ದೋಣಿ ಕಟ್ಟಿ. ತುಂಬಲು ದುಪ್ಪಟ್ಟು ಮಳೆ ಬೇಕು, ಅಷ್ಟೆ.

ಕೊಳೆ ನೀರು ಬಿಡಲು ಇಳಿಪೈಪಿಗೆ ಟ್ಯಾಂಕಿನ ಮೊದಲೇ ಒಂದು ಟಿ (ಮೂರು ಬಾಯಿಯ ಪೈಪ್ ಜೋಡಣೆ), ಅದರ ಕೆಳಗಿನ ಬಾಯಿಗೆ ಗೇಟ್ ವಾಲ್ವ್ ಕೂರಿಸಿ. ಎರಡು ಮೂರು ದಿನ ಹೊಳವಾಗಿ ಮತ್ತೆ ಮಳೆ ಬಂದಾಗ ಹದಿನೈದು ನಿಮಿಷ ತೆರೆದಿಟ್ಟು ಮುಚ್ಚಿ. ವಾಲ್ವ್ ಬದಲು, ಕೊಳೆ ನೀರು ತುಂಬಿಕೊಂಡು ಆಮೇಲೆ ತಾನಾಗಿ ಸೋರಿ ಖಾಲಿಯಾಗಲೆಂದು ಸಣ್ಣ ತೂತು ಕೊರೆದ ಪೈಪ್ ಇಡುವವರಿದ್ದಾರೆ. ಹಾವಸೆಯ ಚೂರು ಸಿಕ್ಕಿ ತೂತು ಕಟ್ಟಿದರೆ ಪೈಪ್ ತುಂಬಿಯೇ ಇರುತ್ತದೆ, ಮುಂದಿನ ಕೊಳೆ ನೇರ ಟ್ಯಾಂಕಿಗೆ. ಕೈಯಿಂದ ತಿರುಗಿಸುವ ವಾಲ್ವೇ ವಾಸಿ.

ಪ್ರಶ್ನೆ: 200 ಲೀಟರ್ ಡ್ರಮ್ಮಿಗೆ ಜಲ್ಲಿ, ಇದ್ದಿಲು, ಗಾರೆ ಮರಳು ಹಾಕಿ ಫಿಲ್ಟರ್ ಮಾಡಿದ್ದೇವೆ. ಜೋರು ಮಳೆಗೆ ಉಕ್ಕಿ ಚೆಲ್ಲುತ್ತದೆ. ಟ್ಯಾಂಕಿನಲ್ಲಿ ಹುಳವೂ ಆಡುತ್ತಿದೆ.
– ತೀರ್ಥಹಳ್ಳಿ

ಉತ್ತರ: ಗಾರೆ ಮರಳಿನದೇ ತೊಂದರೆ. ಮೇಲೆ ಹೇಳಿದ ಅಳತೆಯ ಮಾಡಿನಿಂದಲೇ, ಗಂಟೆಗೆ ಎರಡು ಇಂಚು ಸುರಿದರೆ, ಸಾವಿರ ಲೀಟರ್ ದಾಟುತ್ತದೆ. ನಯ ಮರಳಿನಲ್ಲಿ ಅಷ್ಟು ಇಳಿಯದು. ಅದನ್ನು ತೆಗೆದು ಸಾಸಿವೆ ಗಾತ್ರದ ದಪ್ಪ ಮರಳು 8 ಇಂಚು, ಕೆಳಗೆ 20 ಎಂಎಂ ಜಲ್ಲಿ 6 ಇಂಚು, ಅದರಡಿ 40 ಎಂಎಂ 6 ಇಂಚು ಹಾಕಿ. ಪದರಗಳ ನಡುವೆ ನೈಲಾನ್ ಬಲೆ ಹಾಸಿ, ಮೇಲೆ ಒಂದು ಅಡಿ ಖಾಲಿ ಬಿಡಿ. ಇದ್ದಿಲು ಬೇಡ. ಈ ಫಿಲ್ಟರ್ ಕಸ ತಡೆಯುತ್ತದೆ, ರೋಗಾಣುವನ್ನಲ್ಲ. ಕುಡಿಯುವ ನೀರು ಕುದಿಸಲೇಬೇಕು.

ಹುಳ ಸೊಳ್ಳೆಯ ಮರಿ. ಮುಚ್ಚಳ ಬಿಗಿಯಿದ್ದರೂ ಹೆಚ್ಚುವರಿ ನೀರು ಹೋಗುವ ಪೈಪಿನ ಬಾಯಿ ತೆರೆದಿರುತ್ತದೆ, ಸೊಳ್ಳೆಗೆ ಅಷ್ಟು ಸಾಕು. ಅಲ್ಲಿಗೆ ಸೊಳ್ಳೆಪರದೆ ಬಟ್ಟೆ ಕಟ್ಟಿ.

ಪ್ರಶ್ನೆ: ಟ್ಯಾಂಕ್ ತುಂಬಿ ಹರಿಯುವ ನೀರಿಗೆ ಮನೆ ಹಿಂದಿನ ದರೆಯ (ಕಡಿದಾದ ಮಣ್ಣಿನ ದಿಬ್ಬದ) ಮೇಲೆ ಇಂಗುಗುಂಡಿ ತೋಡಬಹುದೇ?
– ಸಾಗರ

ಉತ್ತರ: ಬೇಡವೇ ಬೇಡ. ನೀರು ಕುಡಿದ ಮಣ್ಣು ಭಾರವಾಗಿ, ಹಿಡಿತ ಸಡಿಲಿ, ದರೆ ಮನೆ ಮೇಲೇ ಜರಿಯುತ್ತದೆ. ಪೈಪಿನಲ್ಲಿ ಅಂಗಳ ದಾಟಿಸಿ, ಮನೆಗಿಂತ ತಗ್ಗಿನ ಸಮತಟ್ಟು ಜಾಗದಲ್ಲಿ ಇಂಗಿಸಿ. ಅಂಥ ಜಾಗ ಇಲ್ಲದಿದ್ದರೆ ಚರಂಡಿಗೆ ಬಿಡಿ.