ಫಿಯೆರೋನೇ ಬೆರ್ಚಪ್ಪನಾದರೆ ಮಾಟಗಾತಿ ಅವನಿಗೆ ಬೆಂಕಿ ಹಚ್ಚುವುದೇಕೆ?

‘ವಿಕೆಡ್’ ಸಂಗೀತ ನಾಟಕದಲ್ಲಿ (2003) ಮಾಟಗಾತಿ ಎಲ್ಫಾಬಾಳ ಪ್ರಿಯಕರ ಫಿಯೆರೋ ಬೆರ್ಚಪ್ಪನಾಗುತ್ತಾನೆ. ಆದರೆ 1939ರ ‘ದಿ ವಿಝರ್ಡ್ ಆಫ್ ಓಝ್’ ಸಿನಿಮಾದಲ್ಲಿ ಅದೇ ಮಾಟಗಾತಿ ಮಾಡಿನ ಮೇಲೆ ನಿಂತು ಬೆರ್ಚಪ್ಪನ ಮೇಲೆ ಬೆಂಕಿಯುಂಡೆ ಎಸೆಯುತ್ತಾಳೆ. ಎರಡನ್ನೂ ನಿಜವೆಂದು ಹಿಡಿದರೆ ಇದು ದೊಡ್ಡ ತೂತೇ. ಮುಚ್ಚುವ ದಾರಿ ನನಗಂತೂ ಕಾಣುವುದಿಲ್ಲ.

ಕೋಟೆಯ ದೃಶ್ಯದ ಮಾತು ಬೇರೆ. ಸಿನಿಮಾದಲ್ಲಿ ಅವಳು ಬೆರ್ಚಪ್ಪನ ತೋಳಿಗೆ ಬೆಂಕಿ ಹಚ್ಚುತ್ತಾಳೆ, ಆರಿಸಲು ಕಥೆಯ ನಾಯಕಿ ಡೊರೊಥಿ ಎರಚಿದ ನೀರು ಅವಳ ಮೇಲೂ ಬಿದ್ದು ಅವಳು ಕರಗುತ್ತಾಳೆ. ‘ವಿಕೆಡ್’ನಲ್ಲಿ ಕರಗುವುದೇ ಬರೀ ನಟನೆ, ನೆಲದ ಕಳ್ಳಬಾಗಿಲಿನ ಆಟ. ಹಾಗಾಗಿ ಆ ಬೆಂಕಿಯೂ ಇಬ್ಬರು ಸೇರಿ ಹೂಡಿದ ಉಪಾಯ ಎಂದು ಓದಬಹುದು. ಈ ಓದು ನನಗೆ ತುಂಬಾ ಇಷ್ಟ.

1900ರ ಮೂಲ ಪುಸ್ತಕಕ್ಕೆ ಹೋದರೆ ಬೆಂಕಿಯೇ ಇಲ್ಲ. ಮಾಟಗಾತಿ ತನ್ನ ಬೆಳ್ಳಿಯ ಪಾದರಕ್ಷೆಯೊಂದನ್ನು ಕಸಿದುಕೊಂಡ ಸಿಟ್ಟಿಗೆ ಡೊರೊಥಿ ನೀರು ಎರಚುತ್ತಾಳೆ. ಆದರೆ ಅಲ್ಲಿ ಇನ್ನೊಂದು ತೊಡಕಿದೆ: ಬೆರ್ಚಪ್ಪ ತಾನು ಮೊನ್ನೆಯಷ್ಟೇ ಹುಟ್ಟಿದವನು ಎನ್ನುತ್ತಾನೆ. ಅವನನ್ನು ಮಾಡಿದ ರೈತ ಮೊದಲು ಕಿವಿ ಬರೆದದ್ದರಿಂದ, ಕಣ್ಣು ಬರುವ ಮುನ್ನವೇ ಮಾತು ಕೇಳಿಸಿತಂತೆ. ಫಿಯೆರೋಗೆ ಇಂಥ ನೆನಪು ಇರಲು ಸಾಧ್ಯವಿಲ್ಲ, ಗುರುತು ಮರೆಸಲು ಕಟ್ಟಿದ ಕಥೆ ಎಂದುಕೊಂಡರೆ ಮಾತ್ರ ಹೊಂದುತ್ತದೆ.